ಕೊಂಡಿ ಯಾರ ಕೈಯಲ್ಲಿ?

ಸೀರೆ ಅಂಗಡಿಗೆ ಹೋದರೆ ನಮ್ಮವ್ವ ಮೊದಲು ನೋಡುವುದು ಬಣ್ಣವನ್ನಲ್ಲ, ದಡಿಯನ್ನೂ ಅಲ್ಲ. ಸೆರಗು ಬಿಚ್ಚಿ ತಿರುವಿ ಹಾಕಿ, ಒಡಲು ಮುಗಿದು ಕೆಂಪು ಶುರುವಾಗುವ ಜಾಗಕ್ಕೆ ಹೆಬ್ಬೆರಳು ಒತ್ತುತ್ತಾಳೆ. ಅಲ್ಲೊಂದು ಸಣ್ಣ ಏಣು ಕೈಗೆ ಸಿಗಬೇಕು. ಸಿಗದಿದ್ದರೆ ಮುಗಿಯಿತು. 'ಇದನ್ನ ಒಳಗ ಇಡ್ರಿ ಅಣ್ಣಾರ, ಇಳಕಲ್ಲಿಂದು ತೋರಸ್ರಿ' ಅನ್ನುತ್ತಾಳೆ. 'ಇದೂ ಇಳಕಲ್ಲಿಂದ ಐತ್ರೀ ಅಕ್ಕಾರ' ಎಂದು ಅಂಗಡಿಯವರು ಹೇಳಿದರೆ ನಗುತ್ತಾಳೆಯೇ ಹೊರತು ವಾದಕ್ಕೆ ಇಳಿಯುವುದಿಲ್ಲ. ಹೆಬ್ಬೆರಳು ಹೇಳಿದ ಮೇಲೆ ಬಾಯಿ ಮಾತು ಯಾಕೆ?

ಆ ಏಣಿಗೆ ನೇಕಾರರು ಕೊಂಡಿ ಅನ್ನುತ್ತಾರೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದಕ್ಕೆ ಓಡುವ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಒಡಲು ಹೆಚ್ಚಾಗಿ ಹತ್ತಿ. ಸೆರಗು ಮತ್ತು ದಡಿ ರೇಷ್ಮೆ, ಇಲ್ಲವೇ 'ಚಮಕ' ಎಂದು ಕರೆಯುವ ಕೃತಕ ರೇಷ್ಮೆ. ಸೆರಗಿನ ಉದ್ದ 16ರಿಂದ 27 ಇಂಚು, ಅಷ್ಟೇ. ಆ ತುಂಡು ಹಾಸಿನ ಎಳೆಗಳನ್ನು ಒಡಲಿನ ಹಾಸಿನ ಎಳೆಗಳಿಗೆ ಕುಣಿಕೆಯೊಳಗೆ ಕುಣಿಕೆ ಕೂಡಿಸಿ ಒಂದೊಂದಾಗಿ ಜೋಡಿಸುತ್ತಾರೆ. ಒಂದು ಸೀರೆಯ ಅಗಲದಲ್ಲಿ ಸಾವಿರಾರು ಎಳೆ. ಹೀಗೆ ಕೂಡಿಸಿ ನೇಯ್ದ ಕೆಂಪು ಸೆರಗಿನಲ್ಲಿ ಬಿಳಿ ತೆನೆಗಳ ಸಾಲು ಮೂಡಿದರೆ ಅದು ತೋಪು ತೆನಿ ಸೆರಗು. ಪವರ್‌ಲೂಮಿನ ನಕಲಿನಲ್ಲಿ ಈ ಕೂಡಿಕೆ ಇರುವುದಿಲ್ಲ. ಒಡಲಿನ ಹಾಸೇ ಸೆರಗಿನ ತುದಿಯವರೆಗೂ ಓಡಿರುತ್ತದೆ, ಮೇಲೆ ಕೆಂಪು ಹೊಕ್ಕು ಹೊಡೆದಿರುತ್ತಾರೆ. ಸೆರಗಿನ ಕುಚ್ಚಿನಿಂದ ಒಂದು ಎಳೆ ಎಳೆದು ನೋಡಿ. ಕೆಂಪು ಬಂದರೆ ಸರಿ, ಒಡಲಿನ ಹಸಿರೋ ನೀಲಿಯೋ ಬಂದರೆ ಅಂಗಡಿಯವರ ಮಾತು ಸುಳ್ಳು.

ಕೊಂಡಿಯಿಂದಾಗಿ ಇನ್ನೊಂದು ಪೀಕಲಾಟವೂ ಇದೆ. ಹಾಸು ಪ್ರತಿ ಸೀರೆಗೂ ಬೇರೆಯಾಗಿಯೇ ತಯಾರಾಗಬೇಕು. ಪವರ್‌ಲೂಮಿನವರು ಒಮ್ಮೆ ಹಾಸು ಏರಿಸಿದರೆ ಸೀರೆಯ ಮೇಲೆ ಸೀರೆ ಇಳಿಸುತ್ತಲೇ ಇರಬಹುದು. ಇಳಕಲ್ಲಿನ ಕುಣಿ ಮಗ್ಗದಲ್ಲಿ ಕೂತವನಿಗೆ ಆ ಭಾಗ್ಯವಿಲ್ಲ. ಸೀರೆಯ ಹೆಸರಿಗೆ ಬೆಲೆ ಬಂದದ್ದು ಯಾವ ಕೆಲಸದಿಂದಲೋ, ಸೀರೆಯ ಖರ್ಚು ಏರುವುದೂ ಅದೇ ಕೆಲಸದಿಂದ. ಈ ಗಂಟನ್ನು ಬಿಡಿಸಿ ನೋಡಲು ವ್ಯಾಪಾರ ಶಾಸ್ತ್ರದಲ್ಲಿ ಒಂದು ವಿಧಾನವಿದೆ. ಅದರ ಹೆಸರು ಮೌಲ್ಯ ಸರಪಳಿಯ ವಿಶ್ಲೇಷಣೆ. ಸರಪಳಿ ಅಂದ ಮೇಲೆ ಅಲ್ಲಿಯೂ ಇರುವುದು ಕೊಂಡಿಗಳೇ.

ಹಾರ್ವರ್ಡ್ ವಿಶ್ವವಿದ್ಯಾಲಯದ ಮೈಕೆಲ್ ಪೋರ್ಟರ್ 1985ರಲ್ಲಿ ಬರೆದ ಪುಸ್ತಕದಿಂದ ಈ ಮಾತು ಜಗತ್ತಿನಲ್ಲೆಲ್ಲ ಚಾಲ್ತಿಗೆ ಬಂತು. ಒಂದು ಕಂಪನಿಯನ್ನು ಒಟ್ಟು ಗಂಟಾಗಿ ನೋಡಬೇಡಿ, ಕೆಲಸ ಕೆಲಸವಾಗಿ ಬಿಡಿಸಿ ನೋಡಿ ಎಂದರು ಅವರು. ಸರಕು ಒಳಗೆ ತರುವುದು, ತಯಾರಿಸುವುದು, ಹೊರಗೆ ಸಾಗಿಸುವುದು, ಮಾರುವುದು, ಮಾರಿದ ಮೇಲಿನ ಸೇವೆ: ಇವು ಐದು ಮುಖ್ಯ ಕೆಲಸ. ಬೆನ್ನಿಗೆ ನಿಲ್ಲುವ ಕೆಲಸಗಳು ನಾಲ್ಕು: ಆಡಳಿತ, ಜನ, ತಂತ್ರಜ್ಞಾನ, ಖರೀದಿ. ಯಾವ ಹಂತದಲ್ಲಿ ಎಷ್ಟು ಖರ್ಚು ಬಿತ್ತು, ಗಿರಾಕಿಯ ಕಣ್ಣಲ್ಲಿ ಎಷ್ಟು ಬೆಲೆ ಏರಿತು ಎಂದು ಪಕ್ಕಪಕ್ಕ ಬರೆದರೆ ಲಾಭ ಎಲ್ಲಿಂದ ಬರುತ್ತಿದೆ, ಎಲ್ಲಿ ಸೋರುತ್ತಿದೆ ಎಂಬುದು ಕಾಣುತ್ತದೆ. ಚೆನ್ನಾದ ಯೋಚನೆಯೇ. ಆದರೆ ಇಳಕಲ್ಲು ಒಂದು ಕಂಪನಿಯಲ್ಲ. ಇಲ್ಲಿ ಬಣ್ಣ ಹಾಕುವ ಮನೆ ಒಂದು, ಹಾಸು ಹಾಕುವ ಮನೆ ಇನ್ನೊಂದು, ನೇಯುವ ಮನೆ ಮತ್ತೊಂದು. ಲೆಕ್ಕದ ಪುಸ್ತಕ ಮಾತ್ರ ಬೇರೊಬ್ಬರ ಮನೆಯಲ್ಲಿ.

ಸರಪಳಿ ಹಿಂದೆ ಇಷ್ಟು ಉದ್ದ ಇರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಅರ್ಧ ನಿಜ. ಇಂದಿನ ಬಾಗಲಕೋಟೆ, ಬದಾಮಿ, ಹುನಗುಂದದ ಸೀಮೆಯೆಲ್ಲ ಬ್ರಿಟಿಷರ ಕಾಲದಲ್ಲಿ ಕಲಾದಗಿ ಜಿಲ್ಲೆಗೆ ಸೇರಿತ್ತು. ಘಟಪ್ರಭೆಯ ದಂಡೆಯ ಕಲಾದಗಿಯೇ ಜಿಲ್ಲಾ ಕೇಂದ್ರ. 1885ರಲ್ಲಿ ಕಚೇರಿ ವಿಜಾಪುರಕ್ಕೆ ಹೋಯಿತು. ಆಗ ಇಳಕಲ್ಲಿನ ಸೀರೆ ಉಡುತ್ತಿದ್ದವರು ಹೆಚ್ಚಾಗಿ ಸುತ್ತಲಿನ ರೈತರ ಮನೆಯ ಹೆಣ್ಣುಮಕ್ಕಳು. ಕುಪ್ಪಸದ ಖಣ ಗುಳೇದಗುಡ್ಡದ್ದು, ಸೀರೆ ಇಳಕಲ್ಲಿನದು, ನಡುವೆ ಒಂದು ಸಂತೆ. ಮಾರುವ ತುದಿ ಅಷ್ಟು ಹತ್ತಿರವಿತ್ತು. ನೂಲು ಕೊಳ್ಳುವ ತುದಿ ಮಾತ್ರ ಆಗಲೇ ದೂರ ಹೋಗಿತ್ತು. ಮುಂಬೈನ, ಇಂಗ್ಲೆಂಡಿನ ಗಿರಣಿ ನೂಲು ನಮ್ಮ ಮಗ್ಗಗಳಿಗೆ ಏರಿಯಾಗಿತ್ತು.

ಹತ್ತಿರದ ಗಿರಾಕಿಯನ್ನೇ ನಂಬಿದರೆ ಏನಾಗುತ್ತದೆ ಎಂಬುದನ್ನು 1876–78ರ ಬರ ತೋರಿಸಿತು. ಅತಿ ಹೆಚ್ಚು ಏಟು ತಿಂದ ಜಿಲ್ಲೆಗಳಲ್ಲಿ ಕಲಾದಗಿಯೂ ಒಂದು. 1872ರಲ್ಲಿ 8 ಲಕ್ಷ ದಾಟಿದ್ದ ಜಿಲ್ಲೆಯ ಜನಸಂಖ್ಯೆ 1881ರ ಎಣಿಕೆಗೆ 6.4 ಲಕ್ಷದ ಆಸುಪಾಸಿಗೆ ಕುಸಿದಿತ್ತು. ಜೋಳ ಕೈಕೊಟ್ಟ ವರ್ಷ ರೈತ ಮೊದಲು ಬಿಡುವುದು ಹೊಸ ಅರಿವೆಯನ್ನು. ರೈತನಿಗೆ ಹೊಲವಾದರೂ ಉಳಿಯುತ್ತದೆ, ನೇಕಾರನಿಗೆ ಮನೆಯೊಳಗಿನ ಒಂದು ಕುಣಿ, ಅದರ ಮೇಲೊಂದು ಮಗ್ಗ. ಸೀರೆ ಮಾರಾಟವಾಗುವ ತನಕ ಹೊಟ್ಟೆ ಕಾಯುವುದಿಲ್ಲ. ಈ 'ಕಾಯುವುದು' ಎಂಬ ಮಾತಿಗೆ ಮತ್ತೆ ಬರುತ್ತೇನೆ; ನನ್ನ ಮಟ್ಟಿಗೆ ಇಡೀ ಸರಪಳಿಯ ಗುಟ್ಟು ಅದೇ.

ಈಗ ಒಂದು ಸೀರೆಯ ಬೆನ್ನು ಹತ್ತಿ ಹೋಗೋಣ.

ರೇಷ್ಮೆಯ ಕತೆ ಇಲ್ಲಿಂದ ನಾನೂರೈವತ್ತು ಕಿಲೋಮೀಟರಿಗೂ ಆಚೆ, ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ, ಶಿಡ್ಲಘಟ್ಟದ ನೂಲು ಬಿಚ್ಚುವ ಘಟಕಗಳಲ್ಲಿ ಶುರುವಾಗುತ್ತದೆ. ಗೂಡಿನ ದರ ದಿನ ದಿನಕ್ಕೆ ಹರಾಜಿನಲ್ಲಿ ಏರಿಳಿಯುತ್ತದೆ. ಬೆಳೆಗಾರರನ್ನು ಚೀನಾ ರೇಷ್ಮೆಯಿಂದ ಕಾಯಲು ಕೇಂದ್ರ ಸರ್ಕಾರ 2021ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 10ರಿಂದ 15ಕ್ಕೆ ಏರಿಸಿತು. ರಾಮನಗರದ ರೈತನಿಗೆ ಅದು ಸಿಹಿ ಸುದ್ದಿ, ಇಳಕಲ್ಲಿನ ಮಗ್ಗದವನಿಗೆ ಕಹಿ. ಇಬ್ಬರೂ ಒಂದೇ ರಾಜ್ಯದ ಬಡವರು, ಇಬ್ಬರೂ ಒಂದೇ ಸೀರೆಗೆ ದುಡಿದವರು. ಒಂದು ಕೊಂಡಿ ಬಿಗಿ ಮಾಡಿದರೆ ಇನ್ನೊಂದು ಎಳೆಯುತ್ತದೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಪಠ್ಯಪುಸ್ತಕವೂ ಹೇಳಲಾರದು.

ಹತ್ತಿ ನೂಲಿನದು ಬೇರೆ ಗೋಳು. ಕೈಮಗ್ಗಕ್ಕೆ ನೂಲು ಲಡಿಯ ರೂಪದಲ್ಲಿ ಬೇಕು, ಕೋನಿನಲ್ಲಿ ಅಲ್ಲ. ಲಡಿಯಾದರೆ ಮನೆಯಲ್ಲೇ ಬಣ್ಣ ಹಾಕಬಹುದು, ಗಂಜಿ ತೊಡಸಬಹುದು. ಗಿರಣಿಗೆ ಲಡಿ ಸುತ್ತುವುದು ಬೇಡದ ಕೆಲಸ. ಅದಕ್ಕೇ ದೇಶದೊಳಗೆ ಮಾರುವ ನೂಲಿನಲ್ಲಿ ಇಂತಿಷ್ಟು ಪಾಲು ಲಡಿಯಲ್ಲೇ ಇರಬೇಕು ಎಂದು ಸರ್ಕಾರದ ಕಟ್ಟಳೆ ಇದೆ. ಆ ಪಾಲು ಬಹಳ ಕಾಲ ಶೇ 40 ಇತ್ತು, 2019ರಲ್ಲಿ ಶೇ 30ಕ್ಕೆ ಇಳಿಯಿತು. ಪತ್ರಿಕೆಯ ಮುಖಪುಟಕ್ಕೆ ಬಾರದ ಸುದ್ದಿ ಇದು. ಮಗ್ಗಕ್ಕೆ ನೂಲು ಯಾವ ರೂಪದಲ್ಲಿ, ಯಾವ ದರದಲ್ಲಿ ಬರುತ್ತದೆ ಎಂಬುದು ಮಾತ್ರ ಇಂಥ ಸುದ್ದಿಗಳಿಂದಲೇ ತೀರ್ಮಾನವಾಗುತ್ತದೆ. ಜರಿ ಬೇಕಾದರೆ ಸೂರತ್ತಿನ ಕಡೆ ಮುಖ ಮಾಡಬೇಕು.

ನೂಲು ಊರಿಗೆ ಬಂದ ಮೇಲೆ ಬಣ್ಣದವರ ಮನೆ. ದಾಳಿಂಬರಿ ಕೆಂಪು, ನವಿಲು ಹಸಿರು, ಗಿಳಿ ಹಸಿರು, ಮದುವೆ ಸೀರೆಯಾದರೆ ಗಿರಿಕುಂಕುಮ. ಆಮೇಲೆ ಹಾಸು, ಆಮೇಲೆ ಕೊಂಡಿ, ಆಮೇಲೆ ಮಗ್ಗ. ನೇಕಾರ ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ತುಳಿಯುತ್ತಾನೆ, ಲಾಳಿ ಎಸೆಯುತ್ತಾನೆ. ಚಿಕ್ಕಿ ದಡಿಯೋ, ಗೋಮಿಯೋ, ಪರಾಸಪೇಟವೋ, ಗಾಡಿ ದಡಿಯೋ ಎಂಬುದರ ಮೇಲೆ ಕೆಲಸದ ದಿನ ಹೆಚ್ಚು ಕಡಿಮೆ. ಒಂದು ಸೀರೆಗೆ ಎಲ್ಲ ಸೇರಿ ಸುಮಾರು ಒಂದು ವಾರ ಎಂದು ಲೆಕ್ಕ ಹಿಡಿಯಬಹುದು. ಮಳೆಗಾಲದಲ್ಲಿ ಕುಣಿಗೆ ತೇವ ಬಂದು ಎಳೆ ಕಡಿಯಲು ಶುರುವಾದರೆ ಆ ಲೆಕ್ಕವೂ ಇಲ್ಲ.

ವಾರದ ದುಡಿಮೆ ಯಾರದು? ಇಲ್ಲಿ ಪೋರ್ಟರ್ ಅವರ ಪಟ್ಟಿ ಮೊಂಡಾಗುತ್ತದೆ. ಮಗ್ಗದ ಮೇಲೆ ಕೂತವನ ಹೆಸರಿಗೆ ಸೀರೆಗಿಷ್ಟು ಎಂದು ಮಜೂರಿ ಬರುತ್ತದೆ. ನಸುಕಿನಲ್ಲಿ ರಾಟಿ ಹಿಡಿದು ಕಂಡಿಕೆ ಸುತ್ತಿದ ಹೆಂಡತಿ, ಕಡಿದ ಎಳೆ ಹುಡುಕಿ ಕೊಟ್ಟ ಮಗಳು, ಕೊಂಡಿ ಕೂಡಿಸುವಾಗ ಎದುರು ಕೂತು ಎಳೆ ಆಯ್ದು ಕೊಟ್ಟ ಅತ್ತೆ, ಇವರಿಗೆಲ್ಲ ಆ ಮಜೂರಿಯಲ್ಲಿ ಪ್ರತ್ಯೇಕ ಸಾಲಿಲ್ಲ. 'ಮನ್ಯಾಗಿನ ಕೆಲಸ' ಎಂದು ಅದನ್ನು ಬಿಟ್ಟೇ ಲೆಕ್ಕ ಹಾಕುತ್ತಾರೆ. 2019–20ರ ನಾಲ್ಕನೇ ಅಖಿಲ ಭಾರತ ಕೈಮಗ್ಗ ಗಣತಿ ದೇಶದಲ್ಲಿ ಸುಮಾರು 35 ಲಕ್ಷ ಕೈಮಗ್ಗ ಕೆಲಸಗಾರರನ್ನು ಎಣಿಸಿತು. ಅವರಲ್ಲಿ ಶೇ 72 ಹೆಂಗಸರು. ನೇಕಾರ ಮನೆಗಳಲ್ಲಿ ಮೂರರಲ್ಲಿ ಎರಡರಷ್ಟು, ಶೇ 66ರಷ್ಟು ಮನೆಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಒಬ್ಬರ ಆದಾಯವಲ್ಲ, ಇಡೀ ಮನೆಯದು. ಕಂಡಿಕೆ ಸುತ್ತುವವರಿಗೂ ತಾಸಿನ ಲೆಕ್ಕದಲ್ಲಿ ಕೂಲಿ ಕಟ್ಟಿದರೆ ಬಹುಪಾಲು ಸೀರೆಗಳು ನಷ್ಟದಲ್ಲೇ ನೇಯ್ದವು ಎಂದು ಲೆಕ್ಕದ ಪುಸ್ತಕ ತೋರಿಸುತ್ತದೆ. ನಷ್ಟ ಕಾಣುವುದಿಲ್ಲ, ಯಾಕೆಂದರೆ ಅದನ್ನು ಹೊತ್ತವರು ಅಡುಗೆಮನೆಯಲ್ಲಿದ್ದಾರೆ.

ಇನ್ನು ಸಾವಕಾರ. ನೇಕಾರರ ಕತೆಗಳಲ್ಲಿ ಇವನು ಯಾವಾಗಲೂ ಖಳನಾಯಕ. ಸರಪಳಿ ಬಿಡಿಸುವವನು ಮಾತ್ರ ಬೈಯುವ ಮೊದಲು ಕೇಳಬೇಕು: ಇವನು ಮಾಡುವ ಕೆಲಸ ಯಾವುದು? ನೂಲು, ಬಣ್ಣ, ರೇಷ್ಮೆಗೆ ರೊಕ್ಕ ಹಾಕುತ್ತಾನೆ. ಹಾಸು ತಯಾರು ಮಾಡಿಸುತ್ತಾನೆ. ಮಗ್ಗದವನಿಗೆ ಮದುವೆಗೋ ದವಾಖಾನೆಗೋ ಮುಂಗಡ ಕೊಡುತ್ತಾನೆ. ಇವೆಲ್ಲಕ್ಕಿಂತ ದೊಡ್ಡದು, ಸೀರೆಯನ್ನು ಇಟ್ಟುಕೊಳ್ಳುತ್ತಾನೆ. ಸೀರೆ ಮಾರಾಟ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಪಂಚಮಿಗೆ ಅಣ್ಣತಮ್ಮಂದಿರು ಸೀರೆ ಒಯ್ಯುತ್ತಾರೆ, ದೀಪಾವಳಿ ಇದೆ, ಮದುವೆಯ ಸುಗ್ಗಿ ಇದೆ. ನಡುವಿನ ಒಣ ತಿಂಗಳುಗಳಲ್ಲೂ ಮಗ್ಗ ಆಡಬೇಕು, ಮಜೂರಿ ಹೋಗಬೇಕು. ಆ ತಿಂಗಳುಗಳ ಸೀರೆ ಸಾವಕಾರನ ಕಪಾಟಿನಲ್ಲಿ ಮಡಚಿ ಕೂತಿರುತ್ತದೆ. ಅವನು ಕಾಯಬಲ್ಲ. ನೇಕಾರ ಕಾಯಲಾರ. ಶನಿವಾರ ಸೀರೆ ಇಳಿಸಿದರೆ ಭಾನುವಾರ ಸಂತೆಗೆ ರೊಕ್ಕ ಬೇಕು.

ಹೀಗಾಗಿ ದರ ಹೇಳುವ ಅಧಿಕಾರ ಜಾಣನ ಕೈಗೂ ಹೋಗುವುದಿಲ್ಲ, ಕಸುಬುಗಾರನ ಕೈಗೂ ಹೋಗುವುದಿಲ್ಲ. ಕಾಯಬಲ್ಲವನ ಕೈಗೆ ಹೋಗುತ್ತದೆ. ಮುಂಗಡದ ಬಾಕಿ ತೀರದೆ ಬೇರೆ ಸಾವಕಾರನ ಹಾಸು ಹಿಡಿಯುವಂತಿಲ್ಲ. ಹಾಸು ಬದಲಿಸದೆ ಮಜೂರಿ ಏರುವುದಿಲ್ಲ. ಮಜೂರಿ ಏರದೆ ಬಾಕಿ ತೀರುವುದಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಗ್ಯಾರಿ ಜೆರೆಫಿ ಮತ್ತು ಅವರ ಜೊತೆಗಾರರು 2005ರಲ್ಲಿ ಸರಪಳಿಯ ಕೊಂಡಿಗಳನ್ನು ಐದು ಬಗೆಯಾಗಿ ವಿಂಗಡಿಸಿದರು: ಒಂದು ತುದಿಗೆ ಬರೀ ಸಂತೆಯ ಸಂಬಂಧ, ಇನ್ನೊಂದು ತುದಿಗೆ ಒಂದೇ ಕಂಪನಿಯ ಆಳ್ವಿಕೆ. ನಡುವಿನ ಒಂದು ಬಗೆಗೆ ಅವರಿಟ್ಟ ಹೆಸರು 'ಸೆರೆ'. ಸಣ್ಣ ಉತ್ಪಾದಕ ಒಬ್ಬನೇ ದೊಡ್ಡ ಖರೀದಿದಾರನಿಗೆ ಕಟ್ಟುಬಿದ್ದು, ಬಿಟ್ಟು ಹೋಗಲು ತುಂಬಾ ಖರ್ಚಾಗುವ ಸ್ಥಿತಿ. ಜೆರೆಫಿ ಯೋಚಿಸಿದ್ದು ದೊಡ್ಡ ಬ್ರಾಂಡುಗಳ ಬಟ್ಟೆ, ಬೂಟುಗಳ ಬಗ್ಗೆ. ನಮ್ಮ ಓಣಿಗೂ ಅದು ಸರಿಯಾಗಿ ಒಪ್ಪುತ್ತದೆ.

ಸಾವಕಾರನೂ ಕೊನೆಯ ಮಾತಿನವನಲ್ಲ, ಹೇಳಿಬಿಡುತ್ತೇನೆ. ಅವನಿಂದ ಸೀರೆ ಒಯ್ಯುವ ದೊಡ್ಡ ಊರುಗಳ ಅಂಗಡಿಗಳು ಉದ್ರಿಯಲ್ಲಿ ಒಯ್ಯುತ್ತವೆ, ಮಾರಾಟವಾಗದ್ದನ್ನು ತಿರುಗಿ ಕಳಿಸುತ್ತವೆ. ಅಂಗಡಿ ಅವನಿಗಿಂತಲೂ ಹೆಚ್ಚು ಕಾಯಬಲ್ಲದು. ಸಹಕಾರಿ ಸಂಘಗಳು ಹುಟ್ಟಿದ್ದು, 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಹುಟ್ಟಿ 'ಪ್ರಿಯದರ್ಶಿನಿ' ಮಳಿಗೆಗಳನ್ನು ತೆರೆದದ್ದು ಈ ಕಾಯುವ ಭಾರವನ್ನು ನೇಕಾರನ ಹೆಗಲಿನಿಂದ ಇಳಿಸಲಿಕ್ಕೇ. ನೂಲು ಕೊಟ್ಟು, ನೇಯ್ದದ್ದನ್ನು ಕೊಂಡು, ದಾಸ್ತಾನು ತಾವೇ ಇಟ್ಟುಕೊಳ್ಳುವುದು. ಸಾವಕಾರನ ಕೆಲಸವನ್ನೇ ಸಾವಕಾರನ ಲಾಭವಿಲ್ಲದೆ ಮಾಡುವುದು. ಆದರೆ ಸರ್ಕಾರ ಕೊಡಬೇಕಾದ ರಿಬೇಟಿನ ಹಣ ತಡವಾಗಿ, ಗೋದಾಮಿನಲ್ಲಿ ಮಾಲು ಕೂತರೆ ಸಂಘವೂ ನೇಕಾರನಷ್ಟೇ ಬಡವಾಗುತ್ತದೆ. ಇನ್ನು ನೇರ ನೆರವು: 2020ರಲ್ಲಿ ಶುರುವಾದ ನೇಕಾರ ಸಮ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 2,000 ರೂಪಾಯಿ, ಆಮೇಲೆ ಅದು 5,000 ಆಯಿತು. ಕೊಡಲಿ, ಬೇಡ ಅನ್ನುವವರು ಯಾರು? ಆದರೆ ಅದರಿಂದ ಎಷ್ಟು ವಾರ ಸೀರೆ ಮಾರದೆ ಇಟ್ಟುಕೊಳ್ಳಬಹುದು ಎಂದು ಕೇಳಿದರೆ ಉತ್ತರ ಬೆರಳ ಮೇಲೆ ಮುಗಿಯುತ್ತದೆ.

ಕಾನೂನಿನ ರಕ್ಷಣೆ ಇಲ್ಲವೆಂದಲ್ಲ. ಪೋರ್ಟರ್ ಪುಸ್ತಕ ಬಂದ 1985ರಲ್ಲೇ ದೆಹಲಿಯಲ್ಲಿ ಕೈಮಗ್ಗ ಮೀಸಲಾತಿ ಕಾಯ್ದೆ ಬಂತು: ಇಂತಿಂಥ ಬಟ್ಟೆಯನ್ನು ಕೈಮಗ್ಗದಲ್ಲೇ ನೇಯಬೇಕು, ಪವರ್‌ಲೂಮಿನಲ್ಲಿ ಕೂಡದು. ಮೊದಲು 22 ಬಗೆಯ ಬಟ್ಟೆಗಳಿದ್ದವು, ಈಗ ಉಳಿದಿರುವುದು 11, ಸೀರೆ ಅದರಲ್ಲಿದೆ. ಇಳಕಲ್ ಸೀರೆಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಇದೆ. ಆ ಮಾನ್ಯತೆ ಇರುವುದು ಹೆಸರಿಗೆ. ಹೆಸರನ್ನು ಅಧಿಕೃತವಾಗಿ ಬಳಸಬೇಕಾದರೆ ಪ್ರತಿ ಉತ್ಪಾದಕನೂ ತನ್ನನ್ನು ನೋಂದಾಯಿಸಿಕೊಳ್ಳಬೇಕು. ನೋಂದಾಯಿಸಿಕೊಂಡರೂ ದೂರದ ಊರಿನ ಗಾಜಿನ ಕಪಾಟಿನಲ್ಲಿರುವ ನಕಲನ್ನು ಹಿಡಿಯಲು ವಕೀಲರು ಬೇಕು, ಅಲೆದಾಟ ಬೇಕು. ಮತ್ತೆ ಅದೇ, ಕಾಯುವ ತಾಕತ್ತು ಬೇಕು. ಸದ್ಯಕ್ಕೆ ಇಳಕಲ್ಲಿನ ಹೆಸರನ್ನು ಕಾಯುತ್ತಿರುವುದು ನಮ್ಮವ್ವನಂಥವರ ಹೆಬ್ಬೆರಳು. ಆನ್‌ಲೈನಿನಲ್ಲಿ ಫೋಟೊ ನೋಡಿ ಕೊಳ್ಳುವವರ ಬಳಿ ಹೆಬ್ಬೆರಳೂ ಇಲ್ಲ. ನನ್ನ ಕೇಳಿದರೆ ಸೀರೆಯ ಫೋಟೊ ಜೊತೆಗೆ ಕೊಂಡಿಯ ಹಿಮ್ಮುಖದ ಫೋಟೊ ಇಲ್ಲದೆ 'ಇಳಕಲ್' ಎಂಬ ಪದ ಬಳಸಕೂಡದು ಎಂದು ನಿಯಮ ಮಾಡಬೇಕು. ಖರ್ಚಿಲ್ಲದ ನಿಯಮ.

ಸರಪಳಿಯಲ್ಲಿ ಮೇಲೇರುವ ದಾರಿಗಳನ್ನೂ ವಿದ್ವಾಂಸರು ಹೇಳಿದ್ದಾರೆ. ಕೆಲಸದ ವಿಧಾನ ಸುಧಾರಿಸುವುದು, ಒಳ್ಳೆಯ ಸರಕಿಗೆ ಹೋಗುವುದು, ಮಾರಾಟದಂಥ ಹೊಸ ಹೊಣೆ ಹಿಡಿಯುವುದು, ಕೊನೆಗೆ ಬೇರೆ ಸರಪಳಿಗೇ ಜಿಗಿಯುವುದು. ಇಳಕಲ್ಲಿನಲ್ಲಿ ನಾಲ್ಕೂ ನಡೆದಿವೆ. ಸೀರೆಯ ಜೊತೆ ದುಪಟ್ಟಾ, ಡ್ರೆಸ್ ಮಟೀರಿಯಲ್ ನೇಯುತ್ತಾರೆ. ಧಾರವಾಡದ ಕಡೆ ಕಸೂತಿ ಹಾಕಿಸಿದರೆ ಅದೇ ಸೀರೆಯ ಬೆಲೆ ಎಲ್ಲಿಗೋ ಹೋಗುತ್ತದೆ. ಆ ಏರಿಕೆ ಮಗ್ಗದ ಮನೆಗೆ ವಾಪಸು ಬರುವುದಿಲ್ಲ ಎಂಬುದು ಬೇರೆ ಮಾತು. ವಾಟ್ಸ್ಆ್ಯಪಿನಲ್ಲಿ ತಾವೇ ಗಿರಾಕಿ ಹಿಡಿಯುವ ಹುಡುಗರಿದ್ದಾರೆ. ಮೂರರಲ್ಲಿ ನನಗೆ ಭರವಸೆ ಇರುವುದು ಇದರ ಮೇಲೆಯೇ, ಯಾಕೆಂದರೆ ಮುಂಗಡ ಹಾಕುವ ಗಿರಾಕಿ ಸಿಕ್ಕರೆ ಕಾಯುವ ಸರದಿ ತಿರುಗುಮುರುಗಾಗುತ್ತದೆ: ಸೀರೆಗಾಗಿ ಗಿರಾಕಿ ಕಾಯುತ್ತಾನೆ.

ನಾಲ್ಕನೆಯದು, ಜಿಗಿತ. ಇಳಕಲ್ಲಿಗೆ ಇನ್ನೊಂದು ಹೆಸರೂ ಇದೆಯಲ್ಲ, ಕೆಂಪು ಗ್ರಾನೈಟಿನದು. ಮಗ್ಗದ ಮಕ್ಕಳು ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಕೆಲಸಕ್ಕೆ ಹೋಗಿದ್ದಾರೆ; ಬೆಂಗಳೂರು, ಗೋವಾ ಹಿಡಿದವರೂ ಇದ್ದಾರೆ. ಕಾಗದದ ಮೇಲೆ ಇದು ಸರಪಳಿ ಬದಲಿಸಿದ ಏಳಿಗೆ. ಕಲ್ಲಿನದೂ ಕತೆ ಅದೇ. ಗಣಿಯಿಂದ ಹಸಿ ದಿಮ್ಮಿಯಾಗಿ ಹೋದರೆ ಒಂದು ಬೆಲೆ, ಕೊಯ್ದು ಮೆರುಗು ಕೊಟ್ಟು ಹೋದರೆ ಒಂದು ಬೆಲೆ, ಯಾರದೋ ವರಾಂಡದಲ್ಲಿ ಕೂತ ಮೇಲೆ ಇನ್ನೊಂದು. ನಡುವೆ ಧೂಳು ಕುಡಿಯುವವನ ಪಾಲು ದಿನಗೂಲಿ. ತೈವಾನಿನ ಏಸರ್ ಕಂಪನಿಯ ಸ್ಥಾಪಕ ಸ್ಟಾನ್ ಶಿ 1990ರ ದಶಕದ ಆರಂಭದಲ್ಲಿ ಒಂದು ಗೆರೆ ಎಳೆದು ತೋರಿಸಿದರು: ವಿನ್ಯಾಸದ ತುದಿಯಲ್ಲೂ ಬ್ರಾಂಡಿನ ತುದಿಯಲ್ಲೂ ಲಾಭ ಎತ್ತರ, ನಡುವೆ ತಯಾರಿಸುವವನ ಜಾಗದಲ್ಲಿ ತಗ್ಗು. ಗೆರೆ ನಗುವ ಬಾಯಿಯ ಹಾಗೆ ಕಾಣುತ್ತದೆಂದು ಅದಕ್ಕೆ 'ನಗೆಯ ರೇಖೆ' ಎಂದು ಹೆಸರು. ತಗ್ಗಿನಲ್ಲಿ ಕೂತವನಿಗೆ ನಗು ಬರುವುದಿಲ್ಲ, ಅಷ್ಟೇ. ಕುಣಿ ಮಗ್ಗದವನಂತೂ ಅಕ್ಷರಶಃ ತಗ್ಗಿನಲ್ಲೇ ಕೂತಿದ್ದಾನೆ.

ಮಾರಿದ ಮೇಲಿನ ಸೇವೆಯಲ್ಲಿಗೆ ಪುಸ್ತಕದ ಸರಪಳಿ ಮುಗಿಯುತ್ತದೆ. ನಮ್ಮ ಕಡೆ ಮುಗಿಯುವುದಿಲ್ಲ. ಉಟ್ಟು ಉಟ್ಟು ಒಡಲಿನ ಹತ್ತಿ ಸವೆದು ಮೆತ್ತಗಾದ ಮೇಲೆ ಅದು ಕೌದಿಗೆ ಹೋಗುತ್ತದೆ. ಕೌದಿ ಹೊಲಿಯುವವಳು ಬೇಸಿಗೆಯಲ್ಲಿ ಓಣಿಗೆ ಬಂದು, ಹಳೆ ಸೀರೆಗಳ ಗಂಟು ಬಿಚ್ಚಿಸಿ, ಯಾವುದು ಒಳಗೆ ಯಾವುದು ಮೇಲೆ ಎಂದು ಆರಿಸುತ್ತಿದ್ದಳು. ಗಟ್ಟಿ ಉಳಿದ ಕೆಂಪು ಸೆರಗುಗಳು ಯಾವಾಗಲೂ ಮೇಲೆ, ನಡುವಿಗೆ. ಆಮೇಲೆ ಕೂಲಿಯ ಮಾತು. ಇಷ್ಟು ರೊಕ್ಕ, ಇಷ್ಟು ಜೋಳ ಎಂದು ಅವಳೇ ಹೇಳುತ್ತಿದ್ದಳು. ಅವ್ವ ಅರ್ಧಕ್ಕೆ ಕೇಳುತ್ತಿದ್ದಳು. ಸೂಜಿ, ದಾರದ ಉಂಡೆ ಸೆರಗಿಗೆ ಕಟ್ಟಿಕೊಂಡು ಅವಳು ಎದ್ದು ನಿಲ್ಲುತ್ತಿದ್ದಳು. 'ಮುಂದಿನ ಓಣ್ಯಾಗ ಮೂರು ಮನಿ ಕರದಾವ್ರೀ ಯಕ್ಕಾ, ಬರ್ತೀನಿ.' ಅವಳು ನಮ್ಮ ಕಟ್ಟೆ ಇಳಿದು, ಬೇವಿನ ಗಿಡ ದಾಟಿ, ತಿರುವಿನ ತನಕ ಹೋಗುತ್ತಿದ್ದಳು. ಪ್ರತಿ ವರ್ಷವೂ ಅಲ್ಲಿಂದ ಅವಳನ್ನು ಕೂಗಿ ಕರೆದದ್ದು ಅವ್ವನೇ.